ಯೋಧರ ಮನೋವೈದ್ಯ ಡಾಕ್ಟರ್ ರಿವರ್ಸ್

ಯುದ್ಧದಲ್ಲಿ ಆಗುವ ಗಾಯಗಳು ಎರಡು ಬಗೆಯವು. ಒಂದು ಕಣ್ಣಿಗೆ ಕಾಣುವಂಥದು. ರಕ್ತ ಸುರಿಯುತ್ತದೆ, ಪಟ್ಟಿ ಕಟ್ಟುತ್ತಾರೆ, ಮಾಯುತ್ತದೆ, ಕಲೆ ಉಳಿಯುತ್ತದೆ. ಆ ಕಲೆಯನ್ನು ತೋರಿಸಿ ಯೋಧನು ಮೊಮ್ಮಕ್ಕಳಿಗೆ ಕಥೆ ಹೇಳಬಲ್ಲನು. ಇನ್ನೊಂದು ಕಾಣದ ಗಾಯ. ಅದಕ್ಕೆ ಪಟ್ಟಿಯೂ ಇಲ್ಲ, ಪದಕವೂ ಇಲ್ಲ. ಅದನ್ನು ಹೇಳಿಕೊಳ್ಳಲು ಹೋದವನನ್ನು ಲೋಕವು ಹೇಡಿಯೆಂದು ಜರೆಯುತ್ತದೆ. ಆದುದರಿಂದ ಅವನು ಹೇಳುವುದಿಲ್ಲ. ಹೇಳದೆ ಒಳಗೇ ಇಟ್ಟುಕೊಂಡ ಆ ನೋವು ಒಮ್ಮೊಮ್ಮೆ ಅವನ ಪ್ರಾಣವನ್ನೇ ತೆಗೆಯುತ್ತದೆ. ಒಮ್ಮೊಮ್ಮೆ ಪಕ್ಕದವನ ಮೇಲೆಯೇ ಅವನ ಕೈ ಎತ್ತಿಸುತ್ತದೆ. ಈ ಎರಡನೆಯ ಬಗೆಯ ಗಾಯಕ್ಕೆ ಔಷಧವುಂಟೆಂದೂ, ಆ ಔಷಧವು ಬಹು ಸರಳವಾದುದೆಂದೂ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಹಾಲ್ಸ್ ರಿವರ್ಸ್ ರಿವರ್ಸ್ ಅವರು ಅಗ್ರಗಣ್ಯರು. ಅವರ ಜೀವನವನ್ನು ಸಂಕ್ಷೇಪವಾಗಿ ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ವೈದ್ಯರೊಬ್ಬರ ವಿಷಯ ನನಗೇಕೆ ಬೇಕಾಯಿತೆಂದು ಮಿತ್ರರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಓದಿಗೆ ಹಣ ಕಳುಹಿಸಿದವರು ಸೈನ್ಯದಲ್ಲಿದ್ದ ನನ್ನ ಚಿಕ್ಕಪ್ಪ. ಹದಿನೇಳು ವರ್ಷ ಸಿಪಾಯಿಯಾಗಿ ದುಡಿದು, ಪಿಂಚಣಿ ಪಡೆದು ಅವರು ಊರಿಗೆ ಬಂದಾಗ ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. ಬಂದವರು ನಮ್ಮ ಹಳೆಯ ಚಿಕ್ಕಪ್ಪನಾಗಿರಲಿಲ್ಲ. ನಡುರಾತ್ರಿ ಎದ್ದು ಜಗಲಿಯ ಮೇಲೆ ಕುಳಿತುಬಿಡುವರು. ಊಟದ ನಡುವೆ ಚೊಂಬೊಂದು ಕೆಳಗೆ ಬಿದ್ದರೆ ಬೆಚ್ಚಿಬೀಳುವರು. ಸಣ್ಣ ಮಾತಿಗೆ ತಟ್ಟೆಯನ್ನು ಬಿಸಾಡಿ ಎದ್ದುಹೋಗುವರು. ಒಂದು ರಾತ್ರಿ ಹಾಸಿಗೆಯಲ್ಲಿ ಅವರಿರಲಿಲ್ಲ. ಹುಡುಕುತ್ತ ಹೋದಾಗ ಕೆರೆಯ ಏರಿಯ ಮೇಲೆ ಕುಳಿತಿದ್ದರು. ಕೈಹಿಡಿದು ಕರೆದುಕೊಂಡು ಬಂದೆವು. ಹಳೆಯದನ್ನೆಲ್ಲ ಮರೆತುಬಿಡಬೇಕೆಂದು ಅಜ್ಜಿ ಹೇಳಿದಳು, ಅಪ್ಪ ಹೇಳಿದರು. ಓದಿದವನೆಂಬ ಜಂಬದಿಂದ ನಾನೂ ಅದನ್ನೇ ಹೇಳಿದೆ.

ಎರಡನೆಯ ವರ್ಷ ಸಮಾಜಶಾಸ್ತ್ರದ ತರಗತಿಯಲ್ಲಿ ನಮ್ಮ ಉಪನ್ಯಾಸಕರು ಬುಡಕಟ್ಟುಗಳ ಅಧ್ಯಯನಕ್ಕೆ ಬಳಸುವ ವಂಶಾವಳಿ ಪದ್ಧತಿಯನ್ನು ವಿವರಿಸುತ್ತ ರಿವರ್ಸ್ ಎಂಬ ಹೆಸರನ್ನು ಹೇಳಿದರು. ಇದೇ ಮನುಷ್ಯರು ಮುಂದೆ ಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರಿಗೆ ಚಿಕಿತ್ಸೆ ಮಾಡಿದರೆಂದು ಮಾತಿನ ನಡುವೆ ಒಂದು ವಾಕ್ಯ ಸೇರಿಸಿದರು. ಪರೀಕ್ಷೆಗೆ ಬೇಕಿಲ್ಲದ ಆ ಒಂದು ವಾಕ್ಯವೇ ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿತು.

ರಿವರ್ಸ್ ಅವರು ಹುಟ್ಟಿದ್ದು 1864ನೆಯ ಇಸವಿ ಮಾರ್ಚ್ 12ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ. ತಂದೆ ಪಾದ್ರಿಗಳು, ಜೊತೆಗೆ ಉಗ್ಗು ಮಾತಿನವರಿಗೆ ಚಿಕಿತ್ಸೆ ನೀಡುವುದರಲ್ಲಿ ಹೆಸರಾದವರು. ಸೋದರಮಾವ ಜೇಮ್ಸ್ ಹಂಟ್ ಅವರೂ ಅದೇ ವಿದ್ಯೆಯಲ್ಲಿ ನಿಪುಣರು, ಮಾನವಶಾಸ್ತ್ರದಲ್ಲಿಯೂ ಆಸಕ್ತರು. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೇ ಉಗ್ಗು ಬಂದದ್ದು ವಿಧಿಯ ವಿನೋದವೆನ್ನಬೇಕು. ತಂದೆಯ ಚಿಕಿತ್ಸೆಯಿಂದಲೂ ಅದು ಪೂರ್ತಿ ಹೋಗಲಿಲ್ಲ. ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವ ಕಷ್ಟವೇನೆಂಬುದನ್ನು ರಿವರ್ಸ್ ಅವರು ಪುಸ್ತಕದಿಂದ ಕಲಿಯಲಿಲ್ಲ, ಸ್ವಂತ ನಾಲಗೆಯಿಂದ ಕಲಿತರು. ಮಾತು ಬಾರದವನ ಮುಂದೆ ತಾಳ್ಮೆಯಿಂದ ಕುಳಿತುಕೊಳ್ಳುವ ಅವರ ಗುಣಕ್ಕೆ ಮೂಲವು ಇಲ್ಲಿಯೇ ಇದ್ದೀತು.

ಶಾಲೆಯಲ್ಲಿ ಜಾಣರಾಗಿದ್ದರೂ, ವಿಷಮಜ್ವರ ಬಂದು ಕೇಂಬ್ರಿಜ್ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂಡಲಾಗಲಿಲ್ಲ. ಆದುದರಿಂದ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರವನ್ನು ಓದಿ, 1886ರಲ್ಲಿ ತಮ್ಮ 22ನೆಯ ವಯಸ್ಸಿನಲ್ಲಿ ಪದವೀಧರರಾದರು. ಕೆಲವು ಕಾಲ ಹಡಗಿನ ವೈದ್ಯರಾಗಿ ಜಪಾನ್ ಮತ್ತು ಅಮೆರಿಕದವರೆಗೆ ಹೋಗಿಬಂದರು. ಮುಂದೆ ನರರೋಗಗಳ ಕಡೆಗೂ ಮನಶ್ಶಾಸ್ತ್ರದ ಕಡೆಗೂ ಅವರ ಒಲವು ಬೆಳೆಯಿತು. 1893ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಅಧ್ಯಾಪಕರಾಗಿ ಬಂದರು. ಪರೀಕ್ಷೆ ತಪ್ಪಿಸಿಕೊಂಡು ಹೊರಗುಳಿದ ಊರಿಗೆ ಗುರುವಾಗಿಯೇ ಬಂದಂತಾಯಿತು. ಇಂಗ್ಲೆಂಡಿನ ಮೊಟ್ಟಮೊದಲ ಮನಶ್ಶಾಸ್ತ್ರ ಪ್ರಯೋಗಶಾಲೆಗಳಲ್ಲಿ ಒಂದರ ಹೊಣೆ ಅವರ ಪಾಲಿಗೆ ಬಂದಿತು.

1898ರಲ್ಲಿ ಹ್ಯಾಡನ್ ಅವರ ನೇತೃತ್ವದಲ್ಲಿ ಕೇಂಬ್ರಿಜಿನ ವಿದ್ವಾಂಸರ ತಂಡವೊಂದು ಆಸ್ಟ್ರೇಲಿಯದ ಉತ್ತರಕ್ಕಿರುವ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೊರಟಿತು. ರಿವರ್ಸ್ ಅವರೂ ಜೊತೆಗೂಡಿದರು. ದ್ವೀಪವಾಸಿಗಳ ದೃಷ್ಟಿಶಕ್ತಿಯನ್ನು ಪರೀಕ್ಷಿಸಲು ಹೋದವರು, ಅವರ ಅಜ್ಜ ಮುತ್ತಜ್ಜರ ಹೆಸರುಗಳನ್ನು ಕೇಳಿ ಬರೆದುಕೊಳ್ಳತೊಡಗಿದರು. ಹೀಗೆ ಹುಟ್ಟಿದ್ದೇ ವಂಶಾವಳಿ ಪದ್ಧತಿ.

ನಮ್ಮ ನಾಡಿನ ನೆರೆಗೂ ಅವರು ಬಂದಿದ್ದರೆಂಬುದು ಸಂತೋಷದ ಸಂಗತಿ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಮೇಲೇರಿದರೆ ಸಿಗುವ ನೀಲಗಿರಿಯಲ್ಲಿ 1901-02ರ ಚಳಿಗಾಲವನ್ನು ಕಳೆದು, ಎಮ್ಮೆಗಳನ್ನೇ ಬದುಕಿನ ಕೇಂದ್ರವಾಗಿರಿಸಿಕೊಂಡ ತೋಡರ ನಡೆನುಡಿಗಳನ್ನು ಅಭ್ಯಾಸಮಾಡಿದರು. 1906ರಲ್ಲಿ ಪ್ರಕಟವಾದ ಅವರ ತೋಡರ ಕುರಿತ ಗ್ರಂಥವು ಇಂದಿಗೂ ಮಾನ್ಯವಾಗಿದೆ. ಅಲ್ಲಿ ನಡೆದ ಒಂದು ಸಂಗತಿ ಗಮನಾರ್ಹ. ಪವಿತ್ರವಾದ ಗುಟ್ಟುಗಳನ್ನು ಅವರಿಗೆ ತಿಳಿಸಿದ ಕೆಲವು ತೋಡರಿಗೆ ಆಮೇಲೆ ಕಷ್ಟಗಳು ಬಂದವು. ದೇವತೆಗಳು ಮುನಿದರೆಂದು ಜನ ನಂಬಿದರು, ಹೇಳುವುದನ್ನು ನಿಲ್ಲಿಸಿದರು. ರಿವರ್ಸ್ ಅವರು ಇದನ್ನು ಮುಚ್ಚಿಡದೆ ತಮ್ಮ ಗ್ರಂಥದಲ್ಲಿ ಬರೆದರು. ಒಬ್ಬನು ತನ್ನ ಒಳಗಿನದನ್ನು ಹೊರಗಿಡುವುದೆಂದರೆ ಅದು ಅವನಿಗೆ ಸಣ್ಣ ವಿಷಯವಲ್ಲವೆಂಬುದನ್ನು ಅವರು ಹೀಗೆ ಕಂಡರು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಭಾರತದಿಂದ 10 ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಆ ಯುದ್ಧಕ್ಕೆ ಹೋದರು. ನಮ್ಮ ಮೈಸೂರಿನ ಲ್ಯಾನ್ಸರ್ಸ್ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಕಾಳಗದಲ್ಲಿ ಪಾಲುಗೊಂಡದ್ದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಫ್ರಾನ್ಸಿನ ರಣರಂಗದ ಯುದ್ಧವು ಕುದುರೆಯೇರಿ ನುಗ್ಗುವ ಯುದ್ಧವಾಗಿರಲಿಲ್ಲ. ಸೈನಿಕರು ತಿಂಗಳುಗಟ್ಟಲೆ ಕೆಸರಿನ ಕಂದಕಗಳಲ್ಲಿ ಕುಳಿತು, ಎಲ್ಲಿಂದಲೋ ಬಂದು ಬೀಳುವ ಫಿರಂಗಿ ಗುಂಡುಗಳಿಗೆ ಕಾಯಬೇಕಾಗಿತ್ತು. ಓಡುವಂತಿಲ್ಲ, ಹೊಡೆಯುವಂತೆಯೂ ಇಲ್ಲ. ಮೈಮೇಲೆ ಒಂದು ಗೀರೂ ಇಲ್ಲದ ಸಾವಿರಾರು ಜನರಿಗೆ ಮಾತು ನಿಂತಿತು, ಕೈಕಾಲು ಬಿದ್ದುಹೋಯಿತು, ನಡುಕ ಹಿಡಿಯಿತು, ನಿದ್ರೆ ಹಾರಿಹೋಯಿತು. ಗುಂಡಿನ ಸ್ಫೋಟದಿಂದ ಮಿದುಳಿಗೆ ಪೆಟ್ಟು ಬಿದ್ದಿದೆಯೆಂಬ ಊಹೆಯಿಂದ ಇದಕ್ಕೆ ಷೆಲ್ ಷಾಕ್ ಎಂಬ ಹೆಸರು ಬಂತು. ಈ ಹೆಸರನ್ನು 1915ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದ ಚಾರ್ಲ್ಸ್ ಮೈಯರ್ಸ್ ಅವರು ರಿವರ್ಸ್ ಅವರ ಶಿಷ್ಯರೇ. ಸ್ಫೋಟದ ಹತ್ತಿರವೂ ಇಲ್ಲದಿದ್ದವರಿಗೆ ಇದೇ ಕಾಯಿಲೆ ಬಂದುದನ್ನು ಕಂಡಾಗ, ಪೆಟ್ಟು ಬಿದ್ದಿರುವುದು ಮಿದುಳಿಗಲ್ಲ, ಮನಸ್ಸಿಗೆ ಎಂದು ವೈದ್ಯರಿಗೆ ತಿಳಿಯತೊಡಗಿತು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೈನ್ಯದಲ್ಲಿ ಇಂಥವರ ಸಂಖ್ಯೆ ಸುಮಾರು 80,000 ಆಗಿತ್ತು.

ಇವರನ್ನು ಲೋಕವು ಹೇಗೆ ನಡೆಸಿಕೊಂಡಿತು? ಅನೇಕರನ್ನು ಹೇಡಿಗಳೆಂದು ಹೀಯಾಳಿಸಲಾಯಿತು. ಮಾತು ನಿಂತವರ ಗಂಟಲಿಗೆ ವಿದ್ಯುತ್ತನ್ನು ಹಾಯಿಸಿ ಬಲವಂತದಿಂದ ಮಾತನಾಡಿಸುವ ವೈದ್ಯರೂ ಇದ್ದರು. ರಣರಂಗದಿಂದ ಓಡಿಹೋದುದಕ್ಕಾಗಿ, ಹೇಡಿತನಕ್ಕಾಗಿ ತಮ್ಮ ಸೈನ್ಯದವರಿಂದಲೇ ಗುಂಡಿಗೆ ಗುರಿಯಾದವರೂ ಇದ್ದರು. ಅಂಥ 306 ಜನರಿಗೆ ಬ್ರಿಟಿಷ್ ಸರ್ಕಾರವು ಕ್ಷಮೆ ನೀಡಿದ್ದು 2006ರಲ್ಲಿ, ಅಂದರೆ ತೊಂಬತ್ತು ವರ್ಷಗಳ ತರುವಾಯ. ಇನ್ನು ಕೆಲವರು ತಮ್ಮ ಕೈಯಿಂದಲೇ ತಮ್ಮ ಪ್ರಾಣ ತೆಗೆದುಕೊಂಡರು. ಕಂದಕದಲ್ಲಿ ಹೀಗೆ ಮಡಿದ ಒಬ್ಬ ಎಳೆಯ ಸೈನಿಕನ ಮೇಲೆ ಕವಿ ಸೀಗ್‌ಫ್ರೀಡ್ ಸಸೂನ್ ಬರೆದ ಪುಟ್ಟ ಕವನವು 1918ರ ಅವರ ಸಂಗ್ರಹದಲ್ಲಿದೆ. ಆ ಸಸೂನ್ ಅವರ ಮಾತು ಮುಂದೆ ಬರುತ್ತದೆ.

ಯುದ್ಧ ಆರಂಭವಾದಾಗ ರಿವರ್ಸ್ ಅವರು ಸ್ವದೇಶದಿಂದ ದೂರವಿದ್ದರು. 1915ರಲ್ಲಿ ಸ್ವದೇಶಕ್ಕೆ ಮರಳಿ, ಲಿವರ್‌ಪೂಲಿನ ಬಳಿಯ ಮ್ಯಾಗಲ್ ಸೈನಿಕ ಆಸ್ಪತ್ರೆಯನ್ನು ಸೇರಿದರು. ಆಗ ಅವರಿಗೆ ಐವತ್ತೊಂದು ವರ್ಷ. 1916ರ ಕೊನೆಯ ಭಾಗದಲ್ಲಿ ಎಡಿನ್‌ಬರೋ ನಗರದ ಬಳಿಯ ಕ್ರೇಗ್‌ಲಾಕರ್ಟ್ ಆಸ್ಪತ್ರೆಗೆ ಬಂದರು. ಮೊದಲು ಜಲಚಿಕಿತ್ಸೆಯ ಗೃಹವಾಗಿದ್ದ ಆ ಕಟ್ಟಡ ಯುದ್ಧಕಾಲದಲ್ಲಿ ಸೈನ್ಯಾಧಿಕಾರಿಗಳ ಮನೋರೋಗದ ಆಸ್ಪತ್ರೆಯಾಗಿತ್ತು. ಹಗಲು ಹೊತ್ತು ಅಲ್ಲಿಯ ರೋಗಿಗಳು ಆಟವಾಡುವರು, ತೋಟದ ಕೆಲಸ ಮಾಡುವರು, ನಮ್ಮ ಈ ವಾರ್ಷಿಕ ಸಂಚಿಕೆಯಂತೆ ತಮ್ಮದೇ ಒಂದು ಪತ್ರಿಕೆಯನ್ನೂ ಹೊರಡಿಸುವರು. ಕವಿ ವಿಲ್‌ಫ್ರೆಡ್ ಓವೆನ್ ಅವರು ಅಲ್ಲಿ ರೋಗಿಯಾಗಿದ್ದಾಗ ಅದರ ಸಂಪಾದಕರಾಗಿದ್ದರು. ಆದರೆ ರಾತ್ರಿಯಾದೊಡನೆ ಆ ಕಟ್ಟಡಕ್ಕೆ ಬೇರೆಯ ರೂಪ. ಕೋಣೆಕೋಣೆಗಳಿಂದ ದುಃಸ್ವಪ್ನದ ಚೀರಾಟ.

ಅಲ್ಲಿಗೆ ಬರುತ್ತಿದ್ದ ಅಧಿಕಾರಿಗಳಿಗೆ ಅದುವರೆಗೆ ಎಲ್ಲರೂ ಒಂದೇ ಉಪದೇಶ ಮಾಡಿದ್ದರು. ಕಂಡದ್ದನ್ನು ಮರೆ, ಅದರ ಮಾತೆತ್ತಬೇಡ, ಮನಸ್ಸನ್ನು ಬೇರೆ ಕಡೆ ತಿರುಗಿಸು ಎಂಬುದೇ ಅದರ ಸಾರ. ಬಂಧುಗಳು ಹೇಳಿದರು, ವೈದ್ಯರೂ ಹೇಳಿದರು. ಆ ಪಾಪದವರು ಹಗಲೆಲ್ಲ ಕಷ್ಟಪಟ್ಟು ಮರೆಯುತ್ತಿದ್ದರು. ಹಗಲು ತಳ್ಳಿದ್ದು ರಾತ್ರಿ ಎದ್ದು ಬರುತ್ತಿತ್ತು. ರಿವರ್ಸ್ ಅವರ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾಗಿತ್ತು. ರೋಗಿಯನ್ನು ಬಾಧಿಸುತ್ತಿರುವುದು ಯುದ್ಧದ ಅನುಭವ ಮಾತ್ರವಲ್ಲ, ಆ ಅನುಭವವನ್ನು ಅದುಮಿಡುವ ಪ್ರಯತ್ನವೂ ಹೌದು ಎಂದು ಅವರು ಕಂಡುಕೊಂಡರು. ಹಾಗೆಂದು ಸದಾ ಅದನ್ನೇ ಚಿಂತಿಸುತ್ತ ಕೂಡುವುದನ್ನೂ ಅವರು ಒಪ್ಪಲಿಲ್ಲ. ನಂಬಿಕೆಯ ಒಬ್ಬರ ಮುಂದೆ ಅದನ್ನು ಹೊರಗೆ ತೆಗೆದು, ನೇರವಾಗಿ ನೋಡಿ, ಸಹಿಸಬಹುದಾದ ರೂಪಕ್ಕೆ ತಂದುಕೊಳ್ಳಬೇಕೆಂಬುದು ಅವರ ಮತ. 1917ರ ಡಿಸೆಂಬರಿನಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಈ ವಿಚಾರವನ್ನು ಅವರು ಮಂಡಿಸಿದರು. ಮರುವರ್ಷ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಪ್ರಬಂಧದಲ್ಲಿ ಬರುವ ಒಬ್ಬ ಅಧಿಕಾರಿಯ ವೃತ್ತಾಂತವನ್ನು ನಾನು ಮರೆಯಲಾರೆ. ಅವನು ತನ್ನ ಗೆಳೆಯನನ್ನು ಹುಡುಕುತ್ತ ಹೋಗಿ, ಸ್ಫೋಟಕ್ಕೆ ಸಿಕ್ಕಿ ಛಿದ್ರಛಿದ್ರವಾಗಿದ್ದ ಅವನ ದೇಹವನ್ನು ಕಂಡಿದ್ದ. ಅಂದಿನಿಂದ ಪ್ರತಿರಾತ್ರಿ ಆ ದೇಹವೇ ಕನಸಿನಲ್ಲಿ ಬರುತ್ತಿತ್ತು. ಮಲಗಲು ಹೆದರುತ್ತಿದ್ದ. ರಿವರ್ಸ್ ಅವರು ಅವನ ಮಾತನ್ನೆಲ್ಲ ಕೇಳಿದ ಮೇಲೆ ಒಂದು ವಿಷಯದ ಕಡೆಗೆ ಅವನ ಗಮನವನ್ನು ಸೆಳೆದರು. ದೇಹವು ಅಂಥ ಸ್ಥಿತಿಯಲ್ಲಿದ್ದುದೇ ಗೆಳೆಯನು ಕ್ಷಣಮಾತ್ರದಲ್ಲಿ ಮಡಿದನೆಂಬುದಕ್ಕೆ ಸಾಕ್ಷಿ, ಅವನು ನರಳಲಿಲ್ಲ. ಹೀಗೆ ನೋಡಬಹುದೆಂದು ಆ ಅಧಿಕಾರಿಗೆ ಅದುವರೆಗೆ ಹೊಳೆದಿರಲಿಲ್ಲ. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಅನಂತರ ಒಂದು ರಾತ್ರಿ ಬಿದ್ದ ಕನಸಿನಲ್ಲಿ ಅವನು ಗೆಳೆಯನ ಬಳಿ ಮಂಡಿಯೂರಿ, ಮನೆಯವರಿಗೆ ಕಳುಹಿಸಲೆಂದು ಅವನ ಮೈಮೇಲಿದ್ದ ವಸ್ತುಗಳನ್ನು ಬಿಚ್ಚಿಕೊಳ್ಳುತ್ತಿದ್ದ. ಎಚ್ಚರವಾದಾಗ ಭಯವಿರಲಿಲ್ಲ, ದುಃಖವಿತ್ತು. ಭಯವು ದುಃಖವಾಗಿ ಮಾರ್ಪಟ್ಟಿತು. ದುಃಖವನ್ನು ಮನುಷ್ಯ ಹೊರಬಲ್ಲ.

ಎಲ್ಲರೂ ಹೀಗೆ ಗುಣವಾದರೆಂದು ರಿವರ್ಸ್ ಅವರು ಹೇಳಿಕೊಳ್ಳಲಿಲ್ಲ. ಸ್ಫೋಟದ ರಭಸಕ್ಕೆ ಕೊಳೆತ ಹೆಣವೊಂದರ ಮೇಲೆ ಮುಖ ಅಡಿಯಾಗಿ ಬಿದ್ದ ಇನ್ನೊಬ್ಬ ಅಧಿಕಾರಿಯ ಅನುಭವದಲ್ಲಿ ಸಮಾಧಾನಕ್ಕೆ ಹಿಡಿದುಕೊಳ್ಳುವಂಥ ಒಂದು ಅಂಶವೂ ಅವರಿಗೆ ಸಿಗಲಿಲ್ಲ. ಅವನಿಗೆ ಸೈನ್ಯವನ್ನು ಬಿಟ್ಟು ಹಳ್ಳಿಯ ವಾತಾವರಣಕ್ಕೆ ಹೋಗಿ ಬಾಳುವಂತೆ ಸಲಹೆ ಮಾಡಿದರು. ತಮ್ಮ ಸೋಲನ್ನೂ ಗೆಲುವಿನ ಪಕ್ಕದಲ್ಲಿಯೇ ಬರೆದಿಟ್ಟ ಈ ಪ್ರಾಮಾಣಿಕತೆಯು ವಿದ್ಯಾರ್ಥಿಗಳಾದ ನಮಗೆ ಆದರ್ಶವಲ್ಲವೆ?

1917ರ ಜುಲೈ ತಿಂಗಳಲ್ಲಿ ಸಸೂನ್ ಅವರು ಕ್ರೇಗ್‌ಲಾಕರ್ಟಿಗೆ ಬಂದರು. ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದ ಈ ಅಧಿಕಾರಿಯು ಯುದ್ಧವನ್ನು ಬೇಕೆಂದೇ ಲಂಬಿಸುತ್ತಿದ್ದಾರೆಂದು ಬಹಿರಂಗವಾಗಿ ಪ್ರತಿಭಟಿಸಿದ್ದರು. ಸೈನಿಕ ನ್ಯಾಯಾಲಯದ ಶಿಕ್ಷೆಯಿಂದ ತಪ್ಪಿಸಲು ಗೆಳೆಯ ರಾಬರ್ಟ್ ಗ್ರೇವ್ಸ್ ಅವರು ಪ್ರಯತ್ನಿಸಿ, ಅವರನ್ನು ರೋಗಿಯೆಂದು ಇಲ್ಲಿಗೆ ಕಳುಹಿಸುವಂತೆ ಮಾಡಿದ್ದರು. ವಾರಕ್ಕೆ ಮೂರು ಸಂಜೆ ರಿವರ್ಸ್ ಅವರೂ ಸಸೂನ್ ಅವರೂ ಕುಳಿತು ಮಾತನಾಡುತ್ತಿದ್ದರು. ಕೊನೆಗೆ ಸಸೂನ್ ಅವರು, ತಮ್ಮ ಅಭಿಪ್ರಾಯವನ್ನು ಬದಲಿಸದೆಯೇ, ತಮ್ಮ ಸೈನಿಕರನ್ನು ಬಿಟ್ಟಿರಲಾರದೆ ರಣರಂಗಕ್ಕೆ ಹಿಂದಿರುಗಿದರು. 1918ರ ಜುಲೈನಲ್ಲಿ ತಲೆಗೆ ಗುಂಡು ತಗಲಿ ಬದುಕುಳಿದು ಲಂಡನ್ನಿನ ಆಸ್ಪತ್ರೆಯಲ್ಲಿದ್ದಾಗ, ರಿವರ್ಸ್ ಅವರು ಬಂದು ಹಾಸಿಗೆಯ ಬಳಿ ಕುಳಿತರು. ಕ್ರೇಗ್‌ಲಾಕರ್ಟಿನಿಂದ ಗುಣವಾಗಿ ಹೋದ ಓವೆನ್ ಅವರು ಮಾತ್ರ 1918ರ ನವೆಂಬರ್ 4ರಂದು, ಯುದ್ಧ ನಿಲ್ಲುವುದಕ್ಕೆ ಒಂದು ವಾರ ಮುಂಚೆ, ಮಡಿದರು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ವೈದ್ಯನು ಗುಣಪಡಿಸುವುದು ಬದುಕಲೆಂದು. ಸೈನ್ಯದ ವೈದ್ಯನು ಗುಣಪಡಿಸಿ ಕಳುಹಿಸುವುದು ಮತ್ತೆ ಅದೇ ಕಂದಕಕ್ಕೆ. ಈ ಧರ್ಮಸಂಕಟವು ರಿವರ್ಸ್ ಅವರನ್ನು ಬಿಡದೆ ಕಾಡಿತು. ಸಸೂನ್ ಅವರೊಡನೆ ನಡೆಸಿದ ವಾದಗಳು ತಮ್ಮ ಕನಸಿನಲ್ಲಿಯೂ ಬಂದುದನ್ನು, ತಮ್ಮ ನಂಬಿಕೆಗಳೇ ಅಲುಗಿದುದನ್ನು ಅವರು ಮರೆಮಾಚಲಿಲ್ಲ. ಯುದ್ಧಕ್ಕೆ ಮುಂಚೆ ಬಹು ಸಂಕೋಚದವರಾಗಿ ಪುಸ್ತಕಗಳ ನಡುವೆ ಇದ್ದ ಅವರು ಯುದ್ಧಾನಂತರ ಬೇರೆಯೇ ಮನುಷ್ಯರಾದರು.

ರೋಗ ಬಂದ ಮೇಲೆ ಚಿಕಿತ್ಸೆ ಮಾಡುವುದಷ್ಟೇ ಅಲ್ಲ, ಬಾರದಂತೆ ತಡೆಯುವ ದಾರಿಯನ್ನೂ ಅವರು ಹುಡುಕಿದರು. ಸಾಮಾನ್ಯ ಸಿಪಾಯಿಗಳಿಗೆ ಹೆಚ್ಚಾಗಿ ಮೂಕತನ, ಪಾರ್ಶ್ವವಾಯು ಬಂದರೆ, ಅಧಿಕಾರಿಗಳಿಗೆ ಕಳವಳ, ದುಃಸ್ವಪ್ನ, ಉಗ್ಗು ಬರುತ್ತಿದ್ದುವು. ತಮ್ಮ ಭಯವನ್ನು ನುಂಗಿಕೊಂಡು ಇತರರ ಹೊಣೆಯನ್ನು ಹೊರಬೇಕಾದ ಸ್ಥಿತಿಯೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. 1917ರ ಕೊನೆಯಲ್ಲಿ ಲಂಡನ್ನಿನ ವಿಮಾನದಳದ ಆಸ್ಪತ್ರೆಗೆ ಹೋದ ಮೇಲೆ ಇನ್ನೊಂದು ಸಂಗತಿಯನ್ನು ಗಮನಿಸಿದರು. ವಿಮಾನ ನಡೆಸುವವನಿಗಿಂತ ಹಿಂದೆ ಕುಳಿತು ನೋಡುವವನ ಮನಸ್ಸು ಬೇಗ ಕೆಡುತ್ತಿತ್ತು. ಹಗ್ಗ ಕಟ್ಟಿ ಮೇಲೆ ಬಿಟ್ಟ ಬಲೂನಿನಲ್ಲಿ ಸುಮ್ಮನೆ ಕುಳಿತಿರಬೇಕಾದವನ ಸ್ಥಿತಿಯು ಇನ್ನೂ ಕಷ್ಟದ್ದು. ನಡೆಸುವವನ ಕೈಯಲ್ಲಿ ಚುಕ್ಕಾಣಿಯಿತ್ತು, ಉಳಿದವರ ಕೈಯಲ್ಲಿ ಏನೂ ಇರಲಿಲ್ಲ. ಮನುಷ್ಯನನ್ನು ಒಡೆಯುವುದು ಅಪಾಯಕ್ಕಿಂತ ಹೆಚ್ಚಾಗಿ ಅಸಹಾಯಕತೆ ಎಂಬ ತತ್ತ್ವವು ಇದರಿಂದ ಹೊರಟಿತು. ಇದನ್ನು ತಿಳಿಯಲು ಐವತ್ತು ದಾಟಿದ ಈ ವಿದ್ವಾಂಸರು ತಾವೇ ವಿಮಾನವೇರಿ ಆಕಾಶದಲ್ಲಿ ಲಾಗ ಹಾಕಿಬಂದರೆಂದರೆ ಅವರ ಶ್ರದ್ಧೆಯೆಷ್ಟೆಂದು ಊಹಿಸಬಹುದು.

ಯುದ್ಧ ಮುಗಿದ ಮೇಲೆ ಕೇಂಬ್ರಿಜಿನಲ್ಲಿ ಅವರ ಕೋಣೆಯ ಬಾಗಿಲು ವಿದ್ಯಾರ್ಥಿಗಳಿಗೆ ಸದಾ ತೆರೆದಿರುತ್ತಿತ್ತು. 1920ರಲ್ಲಿ ಸುಪ್ತಚಿತ್ತವನ್ನು ಕುರಿತ ಅವರ ಗ್ರಂಥ ಹೊರಬಂದಿತು. 1922ರಲ್ಲಿ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಪಾರ್ಲಿಮೆಂಟಿನ ಚುನಾವಣೆಗೆ ನಿಲ್ಲಲು ಒಪ್ಪಿದರು. ಆದರೆ ಚುನಾವಣೆಯವರೆಗೆ ಅವರು ಉಳಿಯಲಿಲ್ಲ. ಆ ವರ್ಷ ಜೂನ್ ಮೊದಲ ವಾರ ಹಬ್ಬದ ರಜೆಗೆಂದು ಸೇವಕನನ್ನು ಕಳುಹಿಸಿ ಒಬ್ಬರೇ ಇದ್ದಾಗ, ರಾತ್ರಿ ಹರ್ನಿಯದ ಕರುಳು ಸಿಕ್ಕಿಕೊಂಡು ವಿಷಮಿಸಿತು. ಬೆಳಗ್ಗೆ ಕಂಡವರು ಆಸ್ಪತ್ರೆಗೆ ಸೇರಿಸಿದರೂ ಉಳಿಸಲಾಗಲಿಲ್ಲ. ಜೂನ್ 4ರಂದು ತಮ್ಮ 58ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಜನರ ರಾತ್ರಿಗಳಿಗೆ ಜೊತೆಯಾದವರು ತಮ್ಮ ಕೊನೆಯ ಸಂಕಟದ ರಾತ್ರಿಯಲ್ಲಿ ಒಬ್ಬಂಟಿಗರಾಗಿದ್ದರು.

ಅವರು ಹೋಗಿ ನೂರು ವರ್ಷ ಕಳೆದಿವೆ. ಸೈನಿಕರ ಕಾಣದ ಗಾಯ ಇನ್ನೂ ಮಾಯವಾಗಿಲ್ಲ. ನಮ್ಮ ದೇಶದಲ್ಲಿಯೂ ಜವಾನರು ಪ್ರಾಣ ಕಳೆದುಕೊಂಡ, ಜೊತೆಯವರ ಮೇಲೆಯೇ ಗುಂಡು ಹಾರಿಸಿದ ಸುದ್ದಿಗಳನ್ನು ಆಗಾಗ ಪತ್ರಿಕೆಯಲ್ಲಿ ಓದುತ್ತೇವೆ. ದೂರದ ಊರಿನಲ್ಲಿ ಮನೆಯ ಜಗಳ, ಸಾಲ, ಜಮೀನಿನ ವ್ಯಾಜ್ಯ. ಇಲ್ಲಿ ನಿದ್ರೆಯಿಲ್ಲದ ಪಹರೆ, ಸಿಗದ ರಜೆ. ಬಲೂನಿನಲ್ಲಿ ಕುಳಿತವನ ಅಸಹಾಯಕತೆಯೇ ಇದು. ಸೈನ್ಯದಲ್ಲಿ ಆಪ್ತಸಲಹೆಗಾರರ ನೇಮಕ, ರಜೆಯ ನಿಯಮಗಳ ಸಡಿಲಿಕೆ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಜೊತೆಗಾರರ ಪದ್ಧತಿ ಮುಂತಾದ ಉಪಾಯಗಳು ನಡೆದಿವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನನ್ನು ಅಪರಾಧಿಯೆಂದಲ್ಲ, ತೀವ್ರ ಸಂಕಟದಲ್ಲಿರುವವನೆಂದು ಕಾಣಬೇಕೆಂದಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲಿಯೇ ಮಾತನಾಡಬಹುದು. 2023ರ ಡಿಸೆಂಬರಿನಲ್ಲಿ ಪುಣೆಯ ಸೈನಿಕ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ ಇದರ ಶಾಖೆಯೊಂದು ತೆರೆಯಿತು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ, ಚಿಕ್ಕಪ್ಪ ನಡುರಾತ್ರಿ ಎದ್ದು ಜಗಲಿಗೆ ಬಂದರು. ನಾನೂ ಎದ್ದುಹೋಗಿ ಪಕ್ಕದಲ್ಲಿ ಕುಳಿತೆ. ಮರೆಯಬೇಕೆಂದು ಈ ಸಲ ಹೇಳಲಿಲ್ಲ. ಕನಸಿನಲ್ಲಿ ಏನು ಬಂತೆಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಬೀಡಿ ಹಚ್ಚಿದರು. ಆಮೇಲೆ ಹಿಮದಲ್ಲಿ ತಮ್ಮೊಡನೆ ಪಹರೆಗಿದ್ದ ಗೆಳೆಯನೊಬ್ಬನ ಹೆಸರು ಹೇಳಿದರು. ಕೋಳಿ ಕೂಗುವವರೆಗೂ ಮಾತು ನಡೆಯಿತು. ನಾನು ವೈದ್ಯನಲ್ಲ, ಕೇಳುವುದೊಂದೇ ನನ್ನಿಂದಾದದ್ದು. ಮರುವಾರ ಅವರೇ ಒಪ್ಪಿ ನನ್ನೊಡನೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬಂದರು. ಈಗ ತಿಂಗಳಿಗೊಮ್ಮೆ ಹೋಗುತ್ತಾರೆ. ರಾತ್ರಿಗಳೆಲ್ಲ ಸರಿಹೋದುವೆಂದು ಹೇಳಲಾರೆ. ಆದರೆ ಕೆರೆಯ ಏರಿಗೆ ಅವರು ಮತ್ತೆ ಒಬ್ಬರೇ ಹೋಗಿಲ್ಲ.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಎಷ್ಟೋ ಜನರ ಮನೆಗಳಲ್ಲಿ ಸೈನಿಕರಿದ್ದಾರೆ. ನಮ್ಮ ಕಾಲೇಜಿನ ಎನ್.ಸಿ.ಸಿ. ದಳದಿಂದಲೂ ಸೈನ್ಯಕ್ಕೆ ಸೇರುವವರಿದ್ದಾರೆ. ರಜೆಯಲ್ಲಿ ಬಂದವನ ಸಮವಸ್ತ್ರವನ್ನು ಮೆಚ್ಚುತ್ತೇವೆ, ಟ್ರಂಕಿನಲ್ಲಿ ಏನು ತಂದನೆಂದು ನೋಡುತ್ತೇವೆ. ಮನಸ್ಸಿನಲ್ಲಿ ಏನು ಹೊತ್ತು ತಂದನೆಂದು ಕೇಳುವುದಿಲ್ಲ. ಕೇಳುವುದನ್ನೂ, ಕೇಳಿ ತಾಳ್ಮೆಯಿಂದ ಕುಳಿತಿರುವುದನ್ನೂ ಕಲಿತೆವಾದರೆ, ಮಾತು ತಡೆಯುತ್ತಿದ್ದ ಆ ಮಹನೀಯರ ಬಾಳು ನಮ್ಮ ಹಳ್ಳಿಯ ಜಗಲಿಗಳಲ್ಲಿಯೂ ಸಾರ್ಥಕವಾದೀತು.